ಗಾಳಿಗೆ ಮುಖ ಕೊಟ್ಟವನು

ಜಿಂಕೆಯ ಮೂಗು ಬಹಳ ಚುರುಕು. ನೆಲದ ಮೇಲೆ ನಿಂತು ಬಿಲ್ಲಿನಿಂದ ಬೇಟೆಯಾಡುವವನು ಗಾಳಿಗೆ ಮುಖ ಕೊಟ್ಟೇ ನಡೆಯಬೇಕು. ಬೆನ್ನ ಹಿಂದಿನಿಂದ ಬೀಸಿತೋ, ಅವನ ಮೈವಾಸನೆ ಅವನಿಗಿಂತ ಮೊದಲೇ ಹೋಗಿ ಸುದ್ದಿ ಮುಟ್ಟಿಸುತ್ತದೆ. ಜೋರು ಗಾಳಿಯ ದಿನ ಹೆಜ್ಜೆಸಪ್ಪಳ ಎಲೆಗಳ ಸದ್ದಿನಲ್ಲಿ ಮುಚ್ಚಿಹೋಗುವುದು ನಿಜ. ಆದರೆ ಆ ಗಾಳಿ ಯಾವಾಗ ತಿರುಗುತ್ತದೋ!

ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನೆಂದು ಹೆಸರಾದ ಇಶಿ ಇದನ್ನೆಲ್ಲ ಬಲ್ಲವನು. ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ. ಬೆಳಗ್ಗೆ ಹೊಳೆಯಲ್ಲಿ ಮಿಂದು, ಪರಿಮಳದ ಸೊಪ್ಪನ್ನು ಮೈಗೆ ಉಜ್ಜಿ, ಬಾಯಿ ಮುಕ್ಕಳಿಸಿ, ಖಾಲಿ ಹೊಟ್ಟೆಯಲ್ಲೇ ಹೊರಡುತ್ತಿದ್ದ. ನಮ್ಮ ಅಜ್ಜಿಯರ ಮಡಿಗೆ ಏನೂ ಕಡಿಮೆಯಿಲ್ಲ.

ಆದರೆ ಅವನ ಜನ ಅಡಗಬೇಕಾದದ್ದು ಜಿಂಕೆಯ ಕಣ್ಣಿಗೆ ಮಾತ್ರವಲ್ಲ. ಪಾಠದಲ್ಲಿ ನಾವು ಚಿನ್ನದ ಬೇಟೆಯೆಂದು ಒಂದೇ ಸಾಲಿನಲ್ಲಿ ಮುಗಿಸುತ್ತೇವಲ್ಲ, ಅದರ ಬೆನ್ನಿಗೆ ನಡೆದ ಕೊಲೆಗಳಲ್ಲಿ ಉಳಿದ ಬೆರಳೆಣಿಕೆಯ ಮಂದಿ ದಶಕಗಟ್ಟಲೆ ಡೀರ್ ಕ್ರೀಕ್ ಕಣಿವೆಯಲ್ಲಿ ಅಡಗಿ ಬದುಕಿದರು. ಬಿಲ್ಲಿಗೆ ಸದ್ದಿಲ್ಲ, ಬಂದೂಕಿನ ಒಂದು ಸದ್ದು ಸಾಕಿತ್ತು, ಸಿಕ್ಕಿಬೀಳಲು. 1908ರಲ್ಲಿ ಸರ್ವೆಯವರು ಅವರ ಗುಡಿಸಲುಗಳನ್ನು ಕಂಡರು. ನಡೆಯಲಾರದ ಮುದುಕಿ ತಾಯಿ ಒಳಗೆ ಮಲಗಿದ್ದಳು. ಅವಳನ್ನು ಅಲ್ಲೇ ಬಿಟ್ಟು ಬಿಲ್ಲು, ಬುಟ್ಟಿ, ಚರ್ಮದ ಹೊದಿಕೆಗಳನ್ನೆಲ್ಲ ಹೊತ್ತೊಯ್ದರು.

1911ರ ಆಗಸ್ಟ್‌ನಲ್ಲಿ ಇಶಿ ಒಬ್ಬನೇ, ಹಸಿದು, ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಸಿಕ್ಕಿದ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯವೇ ಅವನ ಮನೆ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ಅವನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುವಿದ್ಯೆ ಕಲಿತು 1923ರಲ್ಲಿ ಪುಸ್ತಕ ಬರೆದ; ಅಮೆರಿಕನ್ನರು ಅದನ್ನೋದಿ ಬಿಲ್ಲು ಹಿಡಿದರು.

ಇಶಿ ಎಂದರೆ ಅವರ ಭಾಷೆಯಲ್ಲಿ ಮನುಷ್ಯ, ಅಷ್ಟೇ. ಸ್ವಂತ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ.