ಸೋಲಾಪುರದ ‘ಮಾರ್ಷಲ್ ಲಾ’: ಒಂದು ಶಬ್ದವಿಚಾರ

ಪರಭಾಷೆಯ ಶಬ್ದಗಳು ನಮ್ಮಲ್ಲಿಗೆ ಬಂದ ದಾರಿಗಳು ಹಲವು. ಕೆಲವು ವ್ಯಾಪಾರಿಗಳೊಡನೆ ಬಂದವು, ಕೆಲವು ಕಚೇರಿಯ ದಪ್ತರದಿಂದ ಇಳಿದವು, ಕೆಲವು ಗಿರಣಿಯ ಭೋಂಗಾದೊಡನೆ ಕಿವಿಗೆ ಬಿದ್ದವು. ಸೈನ್ಯದ ಬೆಂಗಾವಲಿನಲ್ಲಿ ಬಂದ ಶಬ್ದವೆಂದರೆ ಸೋಲಾಪುರದ ಮಟ್ಟಿಗೆ ‘ಮಾರ್ಷಲ್ ಲಾ’ ಎಂಬುದು. ವಿಜಾಪುರ ರಸ್ತೆಯ ಕನ್ನಡ ಮನೆಗಳಲ್ಲಿಯೂ ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿಯೂ ಈ ಶಬ್ದವನ್ನು ಕೇಳದ ಹಿರಿಯರು ವಿರಳ. ಆದರೆ ಅದನ್ನು ಸರಿಯಾಗಿ ಪ್ರಯೋಗಿಸುವವರೂ ವಿರಳವೇ. ಆದುದರಿಂದ ಅದರ ಚರಿತ್ರೆಯನ್ನೂ ವ್ಯಾಕರಣವನ್ನೂ ಕೂಡಿಸಿ ವಿಚಾರಿಸುವುದು ಉಪಾಧ್ಯಾಯರಾದ ನಮಗೆ ಉಚಿತವೆಂದು ತೋರುತ್ತದೆ.

ಮೊದಲು ಚರಿತ್ರೆ. ೧೯೩೦ನೆಯ ಮೇ ೫ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ತಿಳಿದು ಸೋಲಾಪುರದ ಗಿರಣಿ ಕಾಮಗಾರರು ಹರತಾಳ ಹೂಡಿದರು. ಮೇ ೮ರಂದು ಗೋಳೀಬಾರಾಯಿತು. ಜನ ರೊಚ್ಚಿಗೆದ್ದು ಪೊಲೀಸ್ ಚೌಕಿಗೂ ನ್ಯಾಯಾಲಯಕ್ಕೂ ಬೆಂಕಿಯಿಟ್ಟರು. ಕೆಲವು ದಿನ ಊರಿನಲ್ಲಿ ಬ್ರಿಟಿಷ್ ಆಡಳಿತವೇ ಇಲ್ಲದಂತಾಯಿತು. ಮೇ ೧೨ರಂದು ಮಾರ್ಷಲ್ ಲಾ ಸಾರಲ್ಪಟ್ಟಿತು. ವೈಸರಾಯ್ ಇರ್ವಿನ್ ಅವರ ಸುಗ್ರೀವಾಜ್ಞೆಯೊಂದು ಅದಕ್ಕೆ ಬೆಂಬಲವಾಗಿ ಹಿಂದೆಯೇ ಬಂದಿತು. ಗಾಂಧಿ ಟೋಪಿಯ ಮೇಲೂ ನಿರ್ಬಂಧ ಬಿದ್ದಿತು. ಈ ಸ್ಥಿತಿ ಜೂನ್ ತಿಂಗಳ ಕೊನೆಯವರೆಗೆ ನಡೆಯಿತು.

ಇನ್ನು ಶಬ್ದ. ಇಂಗ್ಲಿಷಿನಲ್ಲಿ ಇಲ್ಲಿಯ ‘ಮಾರ್ಷಲ್’ ಒಂದು ಗುಣವಾಚಕ. ರೋಮನರ ಯುದ್ಧದೇವತೆ ಮಾರ್ಸ್. ಅವನಿಗೆ ಸಂಬಂಧಿಸಿದ್ದು ‘ಮಾರ್ಷಲ್’. ಆ ದೇವತೆಯ ಹೆಸರಿನ ಗ್ರಹವೇ ನಮ್ಮ ಮಂಗಳ. ಸೋಲಾಪುರದ ಮಂಗಳವಾರ ಪೇಟೆಯೂ ಮಾರ್ಷಲ್ ಲಾ ಎಂಬ ಹೆಸರೂ ಒಂದೇ ಗ್ರಹದ ನೆರಳಿನವು ಎಂದು ವಿನೋದಕ್ಕೆ ಹೇಳಬಹುದು!

ಇದೇ ಉಚ್ಚಾರದ ಇನ್ನೊಂದು ಇಂಗ್ಲಿಷ್ ಶಬ್ದವಿದೆ, ಅದು ನಾಮಪದ. ಹಳೆಯ ಜರ್ಮಾನಿಕ್ ಮೂಲದಲ್ಲಿ ಅದಕ್ಕೆ ಕುದುರೆಯ ಸೇವಕನೆಂದು ಅರ್ಥ. ಕುದುರೆ ನೋಡಿಕೊಳ್ಳುವವನು ಕ್ರಮೇಣ ದಂಡಿನ ಅಧಿಕಾರಿಯಾದನು. ನಮ್ಮ ಶಾಸನಗಳ ‘ಸಾಹಣಿ’ಯೂ ಅಶ್ವಗಳ ಮೇಲಿನ ಅಧಿಕಾರಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. ವಿಧಾನಸಭೆಯಲ್ಲಿ ಗದ್ದಲವೆಬ್ಬಿಸಿದ ಸದಸ್ಯರನ್ನು ಹೊರಗೆ ಒಯ್ಯುವ ಮಾರ್ಷಲ್ ಈ ಎರಡನೆಯ ವಂಶದವನು. ಇಂಗ್ಲಿಷಿನವರು ಈ ಎರಡನ್ನು ಕಾಗುಣಿತದಿಂದ ಬೇರ್ಪಡಿಸುತ್ತಾರೆ. ನಮ್ಮ ಲಿಪಿ ಉಚ್ಚಾರವನ್ನು ಅನುಸರಿಸುವುದರಿಂದ ಎರಡೂ ಒಂದೇ ಆಗಿವೆ. ಮಾರ್ಷಲ್ ಎಂಬ ಅಧಿಕಾರಿ ಮಾಡಿದ ಕಾಯ್ದೆಯೇ ಮಾರ್ಷಲ್ ಲಾ ಎಂದು ವಿದ್ಯಾರ್ಥಿಗಳು ಬರೆಯುವುದಕ್ಕೆ ಇದೇ ಕಾರಣ.

ಬಹುವಚನದಲ್ಲಿ ಈ ಭೇದ ಸ್ಪಷ್ಟವಾಗುತ್ತದೆ. ‘ಫೀಲ್ಡ್ ಮಾರ್ಷಲ್’ ಎಂಬಲ್ಲಿ ಕೊನೆಯ ಪದ ನಾಮವಾದ್ದರಿಂದ ಬಹುವಚನ ‘ಫೀಲ್ಡ್ ಮಾರ್ಷಲ್ಸ್’. ‘ಕೋರ್ಟ್ ಮಾರ್ಷಲ್’ ಎಂಬಲ್ಲಿ ಅದು ಗುಣವಾಚಕ. ಫ್ರೆಂಚರ ಪದ್ಧತಿಯಂತೆ ನಾಮದ ಹಿಂದೆ ನಿಂತಿದೆ. ಆದ್ದರಿಂದ ಶಿಷ್ಟಪ್ರಯೋಗ ‘ಕೋರ್ಟ್ಸ್ ಮಾರ್ಷಲ್’. ‘ಮಾರ್ಷಲ್ ಲಾ’ಕ್ಕಾದರೋ ಬಹುವಚನದ ಬಳಕೆಯೇ ಇಲ್ಲ.

ಕನ್ನಡದಲ್ಲಿ ವಿನೋದ ಬೇರೆ ರೀತಿಯದು. ಹೋಟೆಲ್ ‘ಹೋಟೆಲ್ಲು’ ಆದಂತೆ ಪರಭಾಷೆಯ ಕೊನೆಯ ವ್ಯಂಜನ ನಮ್ಮಲ್ಲಿ ಇಮ್ಮಡಿಸುವುದುಂಟು. ‘ಕಾರಿಯಪ್ಪನವರು ೧೯೮೬ರಲ್ಲಿ ಫೀಲ್ಡ್ ಮಾರ್ಷಲ್ಲಾದರು’ ಎಂಬ ವಾಕ್ಯ ಗೌರವದ್ದು. ‘ಸೋಲಾಪುರ ಮಾರ್ಷಲ್ಲಾದಾಗ’ ಎಂದರೆ ಮಾತ್ರ ಊರಿಗೇ ಪದವಿ ದೊರೆತಂತೆ ಕೇಳುತ್ತದೆ! ಸಂಧಿ ಬಿಡಿಸಿದರೆ ಒಂದರಲ್ಲಿ ‘ಮಾರ್ಷಲ್’ ಮತ್ತು ‘ಆದರು’; ಇನ್ನೊಂದರಲ್ಲಿ ‘ಮಾರ್ಷಲ್ ಲಾ’ ಮತ್ತು ‘ಆದಾಗ’. ಕಟ್ಟುನಿಟ್ಟಿನ ಮಾಸ್ತರರ ವರ್ಗದಲ್ಲಿ ‘ಮಾರ್ಷಲ್ ಲಾ’ ನಡೆದಿದೆ ಎನ್ನುವ ಹುಡುಗರ ಮಾತೂ ಇಂಥದೇ ವಿನೋದ. ಇನ್ನು ‘ಮಾರ್ಷಲ್ ಕಾಯ್ದೆ’ ಎಂದರೆ ಇಂಗ್ಲಿಷಿಗೆ ಅರಬ್ಬಿ ಮೂಲದ ಪದವನ್ನು ಗಂಟುಹಾಕಿದಂತೆ. ಸಂಸ್ಕೃತ–ಕನ್ನಡಗಳ ಅರಿಸಮಾಸವನ್ನೇ ಒಪ್ಪದ ಕೇಶಿರಾಜನು ಇದಕ್ಕೆ ಏನೆನ್ನುತ್ತಿದ್ದನೋ!

‘ಲಷ್ಕರಿ ಕಾಯ್ದೆ’ ಎಂಬ ಅನುವಾದವೂ ನಿರ್ದೋಷವಲ್ಲ. ಲಷ್ಕರಿ ಕಾಯ್ದೆ ಸಿಪಾಯಿಗಳನ್ನು ಕಟ್ಟುವ ಲಿಖಿತ ಕಾನೂನು. ಮಾರ್ಷಲ್ ಲಾ ನಾಗರಿಕರ ಮೇಲೆ ನಡೆಯುವ ದಂಡಿನ ಅಧಿಕಾರ. ಅದು ಸೇನಾಧಿಪತಿಯ ಇಚ್ಛೆಯೇ ಹೊರತು ಬೇರೇನೂ ಅಲ್ಲವೆಂಬ ಭಾವವನ್ನು ವೆಲಿಂಗ್ಟನ್ ೧೮೫೧ರಲ್ಲಿಯೇ ಆಡಿದ್ದನು. ನಮ್ಮ ಸಂವಿಧಾನದ ೩೪ನೆಯ ಅನುಚ್ಛೇದದಲ್ಲಿ ಈ ಶಬ್ದವಿದೆ. ಲಕ್ಷಣವನ್ನು ಎಲ್ಲಿಯೂ ಹೇಳಿಲ್ಲ. ಹೆಸರಿನಲ್ಲಿ ‘ಲಾ’ ಇದ್ದರೂ ವಸ್ತುವಿನಲ್ಲಿ ಕಾನೂನಿನ ಸಾಮಾನ್ಯ ನಡೆಗೆ ತಡೆಯೇ ಇದೆ.

ಕೊನೆಯದಾಗಿ ವಿಭಕ್ತಿಯ ಮಾತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ‘ಮಾರ್ಷಲ್ ಲಾದಲ್ಲಿ’ ಗಲ್ಲಿಗೇರಿಸಿದರೆಂದು ಭಾಷಣಗಳಲ್ಲಿ ಕೇಳುತ್ತೇವೆ. ವಾಕ್ಯಕ್ಕೆ ವ್ಯಾಕರಣದೋಷವಿಲ್ಲ, ಆದರೆ ಆ ಸಪ್ತಮಿ ಸುಳ್ಳು. ಅವರನ್ನು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು ೧೯೩೧ನೆಯ ಜನವರಿ ೧೨ರಂದು. ಮಾರ್ಷಲ್ ಲಾ ತೆರವಾಗಿ ಆರು ತಿಂಗಳು ಕಳೆದಿದ್ದವು. ಪೊಲೀಸರ ಕೊಲೆಯ ಆರೋಪದ ಮೇಲೆ ಖಟ್ಲೆ ನಡೆದು, ನ್ಯಾಯಾಲಯದ ಹಾದಿಯಲ್ಲಿಯೇ ಆ ಶಿಕ್ಷೆ ಬಂದಿತು. ತಪ್ಪು ಸಪ್ತಮಿಯನ್ನು ಉಳಿಸಿಕೊಂಡರೆ ಹೊಣೆಯೆಲ್ಲವೂ ಏಳು ವಾರಗಳ ದಂಡಿನ ಆಳಿಕೆಗೆ ಹೋಗುತ್ತದೆ. ಪರಕೀಯ ಸರಕಾರದ ನಿತ್ಯದ ಕಾನೂನು ತಾನು ಮಾಡಿದ್ದರಿಂದ ಸುಲಭವಾಗಿ ಪಾರಾಗುತ್ತದೆ.

ಸೋಲಾಪುರದಲ್ಲಿ ಆ ನಾಲ್ವರ ಪ್ರತಿಮೆಗಳಿವೆ. ಅವುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಪಾಠ ಹೇಳುವಾಗ ‘ಮಾರ್ಷಲ್ ಲಾದಲ್ಲಿ’ ಎನ್ನದೆ ‘ಮಾರ್ಷಲ್ ಲಾ ಮುಗಿದ ಮೇಲೆ’ ಎಂದು ಹೇಳಿಕೊಡೋಣ.