ಸಿ ಭಾಷೆಯಲ್ಲಿ ಟೆಕ್ಸ್ಟ್ ಫೈಲ್ ದಾಖಲೆಗಳು: ಇತಿಹಾಸ

ಒಬ್ಬ ವ್ಯಕ್ತಿಯ ಅಥವಾ ಒಂದು ವಸ್ತುವಿನ ವಿವರಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿಟ್ಟರೆ ಅದು ದಾಖಲೆ. ಅದರೊಳಗಿನ ಒಂದೊಂದು ವಿವರವೂ ಒಂದು ಅಂಕಣ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು ತಂತಮ್ಮ ಕಾಲಂಗಳಲ್ಲಿ ಕೂತಿರುವುದು ಇದೇ ಏರ್ಪಾಟು. ಆದರೆ ಪಹಣಿಯ ಹಾಳೆಯ ಮೇಲೆ ಗೆರೆಗಳಿರುತ್ತವೆ, ಟೆಕ್ಸ್ಟ್ ಫೈಲಿನಲ್ಲಿ ಇರುವುದಿಲ್ಲ. ಸಿ ಭಾಷೆಗೆ ಫೈಲ್ ಎಂದರೆ ಒಂದರ ಹಿಂದೊಂದು ಬರುವ ಬೈಟುಗಳು ಮಾತ್ರ. ದಾಖಲೆ ಎಲ್ಲಿ ಮುಗಿಯಿತು, ಅಂಕಣ ಎಲ್ಲಿ ಬದಲಾಯಿತು ಎಂಬುದನ್ನು ಬರೆಯುವ ಪ್ರೋಗ್ರಾಮೂ ಓದುವ ಪ್ರೋಗ್ರಾಮೂ ಮೊದಲೇ ಒಪ್ಪಿಕೊಂಡಿರಬೇಕು.

ಹಿನ್ನೆಲೆ

ಕಂಪ್ಯೂಟರಿಗಿಂತ ಮೊದಲು ದಾಖಲೆಗಳು ರಂಧ್ರದ ಕಾರ್ಡುಗಳಲ್ಲಿದ್ದವು. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್‌ನ ಕಾರ್ಡುಗಳು ಬಳಕೆಯಾದವು. 1928ರಲ್ಲಿ ಐಬಿಎಂ 80 ಕಾಲಂಗಳ ಕಾರ್ಡನ್ನು ತಂದಿತು. ಇಂತಿಷ್ಟು ಕಾಲಂ ಹೆಸರಿಗೆ, ಇಂತಿಷ್ಟು ಮೊತ್ತಕ್ಕೆ ಎಂದು ಹಂಚಿಕೊಡುವ ಸ್ಥಿರ ಅಗಲದ ಪದ್ಧತಿ ಈ ಕಾರ್ಡುಗಳಿಂದಲೇ ಬಳಕೆಗೆ ಬಿತ್ತು. ಮುಂದೆ ದೊಡ್ಡ ಮೇನ್‌ಫ್ರೇಮ್ ಯಂತ್ರಗಳಲ್ಲೂ ದಾಖಲೆಯ ಉದ್ದವನ್ನು ವ್ಯವಸ್ಥೆಗೆ ಮುಂಚಿತವಾಗಿ ತಿಳಿಸಬೇಕಿತ್ತು.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಿದ ಯೂನಿಕ್ಸ್ ಈ ಕಟ್ಟುಪಾಡನ್ನು ಕೈಬಿಟ್ಟಿತು. ಅಲ್ಲಿ ಸಾಲೊಂದು ದಾಖಲೆಯಾಯಿತು, ಯಾವುದೋ ಒಂದು ಚಿಹ್ನೆ ಅಂಕಣಗಳ ನಡುವಿನ ಬೇಲಿಯಾಯಿತು. ಬಳಕೆದಾರರ ವಿವರವಿರುವ ಪಾಸ್‌ವರ್ಡ್ ಫೈಲ್ ಇದಕ್ಕೆ ಹೆಸರಾದ ಉದಾಹರಣೆ: ಒಂದೊಂದು ಸಾಲಿನಲ್ಲಿ ಏಳು ಅಂಕಣ, ನಡುವೆ ಕೋಲನ್ ಚಿಹ್ನೆ.

ಸಿ ಗ್ರಂಥಾಲಯದ ಬೆಳವಣಿಗೆ

ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆಯೊಳಗೆ ಓದು-ಬರಹದ ಆಜ್ಞೆಗಳೇ ಇಲ್ಲ. ಆ ಕೆಲಸ ಪೂರ್ತಿ ಗ್ರಂಥಾಲಯದ್ದು. ಮೈಕ್ ಲೆಸ್ಕ್ ಬರೆದ ಗ್ರಂಥಾಲಯ ತಿದ್ದುಪಡಿಗೊಂಡು 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನೊಂದಿಗೆ ಸ್ಟ್ಯಾಂಡರ್ಡ್ ಐಒ ಎಂಬ ಹೆಸರಿನಲ್ಲಿ ಹೊರಬಂತು. ಎಫ್‌ಓಪನ್ ಫೈಲನ್ನು ತೆರೆಯುತ್ತದೆ, ಎಫ್‌ಪ್ರಿಂಟ್‌ಎಫ್ ಕೊಟ್ಟ ಅಚ್ಚಿನಂತೆ ಬರೆಯುತ್ತದೆ, ಎಫ್‌ಸ್ಕ್ಯಾನ್‌ಎಫ್ ಅಚ್ಚಿನಂತೆ ಓದುತ್ತದೆ, ಎಫ್‌ಗೆಟ್ಸ್ ಒಂದಿಡೀ ಸಾಲನ್ನು ತರುತ್ತದೆ. 1978ರಲ್ಲಿ ಸಿ ಭಾಷೆಯ ಬಗ್ಗೆ ಕರ್ನಿಘನ್ ಮತ್ತು ರಿಚಿಯವರ ಪುಸ್ತಕ ಬಂತು, 1989ರಲ್ಲಿ ಭಾಷೆಗೆ ಆನ್ಸಿ ಮಾನಕ ಸಿಕ್ಕಿತು.

ಎಫ್‌ಸ್ಕ್ಯಾನ್‌ಎಫ್‌ನ ಪದ ಓದುವ ಕ್ರಮ ಖಾಲಿ ಜಾಗ ಕಂಡಲ್ಲಿ ನಿಂತುಬಿಡುತ್ತದೆ. ಹೆಸರಿನ ಜೊತೆ ಇನಿಷಿಯಲ್ ಬರೆಯುವ ನಮ್ಮ ರೂಢಿಗೆ ಇದು ಒಗ್ಗದು. ಇನಿಷಿಯಲ್ ಒಂದು ಅಂಕಣಕ್ಕೆ, ಹೆಸರು ಮತ್ತೊಂದಕ್ಕೆ ಹೋಗಿ ಮುಂದಿನ ಅಂಕಣಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಹಾಗಾಗಿ ಮೊದಲು ಎಫ್‌ಗೆಟ್ಸ್‌ನಿಂದ ಸಾಲನ್ನು ಪೂರ್ತಿ ತಂದುಕೊಂಡು, ಬಳಿಕ ಬೇಲಿ ಚಿಹ್ನೆಯ ಜಾಗದಲ್ಲಿ ಅದನ್ನು ಬಿಡಿಸುವ ಕ್ರಮ ನೆಲೆಯೂರಿತು. ಫೈಲ್ ಮುಗಿಯಿತೇ ಎಂದು ಎಫ್‌ಇಒಎಫ್ ಹೇಳುವುದು ಓದಲು ಯತ್ನಿಸಿ ಸೋತ ಮೇಲೆ. ಇದನ್ನರಿಯದೆ ಬರೆದ ಪ್ರೋಗ್ರಾಮುಗಳಲ್ಲಿ ಕೊನೆಯ ದಾಖಲೆ ಎರಡು ಸಲ ಮುದ್ರಣವಾಗುತ್ತದೆ. ಅಳತೆ ನೋಡದೆ ಸಾಲು ಓದುತ್ತಿದ್ದ ಗೆಟ್ಸ್ ಅನ್ನು 2011ರ ಮಾನಕ ತೆಗೆದುಹಾಕಿತು.

ಕರ್ನಾಟಕದ ಪ್ರಯೋಗಾಲಯಗಳಲ್ಲಿ

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ವಿಟಿಯು, ಸ್ಥಾಪನೆಯಾದ ಮೇಲೆ ಅದಕ್ಕೆ ಸೇರಿದ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂತು. ಯಾವ ಶಾಖೆಯವರಾದರೂ ಮೊದಲ ವರ್ಷ ಸಿ ಓದಬೇಕಾಯಿತು.

ವಿಟಿಯುವಿನ 2015ರ ಪಠ್ಯಕ್ರಮದ, ಅಂದರೆ ಸ್ಕೀಮಿನ, ಸಿ ಲ್ಯಾಬಿನಲ್ಲಿದ್ದ ಒಂದು ಪ್ರೋಗ್ರಾಮು ಈ ವಿಷಯದ ಅಡಿಪಾಯವನ್ನೇ ಪರೀಕ್ಷಿಸುತ್ತಿತ್ತು. ಒಂದು ಫೈಲಿನಲ್ಲಿ ವಿದ್ಯಾರ್ಥಿಗಳ ಹೆಸರು, ಇನ್ನೊಂದರಲ್ಲಿ ಅವರ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ. ಎರಡನ್ನೂ ಓದಿ, ಹೆಸರಿನ ಪಕ್ಕ ಯುಎಸ್‌ಎನ್ ಕೂರುವಂತೆ ಮೂರನೇ ಫೈಲಿಗೆ ಬರೆದು ತೆರೆಯ ಮೇಲೆ ತೋರಿಸಬೇಕು. ಎರಡು ಫೈಲುಗಳನ್ನು ಬೆಸೆಯುವುದು ಸಾಲಿನ ಕ್ರಮವೊಂದೇ. ಹೆಸರಿನ ಫೈಲಿನಲ್ಲಿ ಒಂದು ಸಾಲು ತಪ್ಪಿಹೋದರೆ ಅಲ್ಲಿಂದ ಮುಂದಕ್ಕೆ ಪ್ರತಿಯೊಬ್ಬರಿಗೂ ಬೇರೊಬ್ಬರ ಯುಎಸ್‌ಎನ್ ಅಂಟುತ್ತದೆ; ಕಂಪೈಲರ್ ಚಕಾರ ಎತ್ತುವುದಿಲ್ಲ.

ಯುಎಸ್‌ಎನ್ ತಾನೇ ಸ್ಥಿರ ಅಗಲದ ಒಂದು ಪುಟ್ಟ ದಾಖಲೆ. ಪ್ರದೇಶಕ್ಕೆ 1, ಕಾಲೇಜಿಗೆ 2, ಸೇರಿದ ವರ್ಷಕ್ಕೆ 2, ಶಾಖೆಗೆ 2, ಕ್ರಮಸಂಖ್ಯೆಗೆ 3, ಹೀಗೆ ಒಟ್ಟು 10 ಅಕ್ಷರ, ನಡುವೆ ಬೇಲಿಯಿಲ್ಲ. ಬೆಂಗಳೂರು ಪ್ರದೇಶದ ಕಾಲೇಜುಗಳದ್ದು 1ರಿಂದ, ಬೆಳಗಾವಿಯವು 2ರಿಂದ ಶುರುವಾಗುತ್ತವೆ. ಇದನ್ನಿಡಲು ಸಿ ಭಾಷೆಯಲ್ಲಿ 11 ಮನೆ ಬೇಕು, ಕೊನೆಯದು ಸೊನ್ನೆ ಬೈಟಿಗೆ.

ಮಾಹಿತಿ ವಿಜ್ಞಾನ ಶಾಖೆಯ ಆರನೇ ಸೆಮಿಸ್ಟರಿನ ಫೈಲ್ ಸ್ಟ್ರಕ್ಚರ್ಸ್ ಲ್ಯಾಬ್ ದಾಖಲೆಗಳ ಈ ಪಾಠವನ್ನು ಮುಂದುವರಿಸುತ್ತಿತ್ತು. 2010ರ ಸ್ಕೀಮಿನಲ್ಲಿ ಭಾಷೆ ಸಿ ಪ್ಲಸ್ ಪ್ಲಸ್. ಫೋಕ್, ಜೋಲಿಕ್ ಮತ್ತು ರಿಕಾರ್ಡಿಯವರ ಗ್ರಂಥ ಆಧಾರ. ಲಂಬ ಗೆರೆಯಿಂದ ಬೇರ್ಪಟ್ಟ ಅಂಕಣಗಳುಳ್ಳ ಸ್ಥಿರ ಉದ್ದದ ವಿದ್ಯಾರ್ಥಿ ದಾಖಲೆ, ಆಮೇಲೆ ಬದಲಾಗುವ ಉದ್ದದ ದಾಖಲೆ, ಅನಂತರ ಇಂಡೆಕ್ಸ್ ಎಂಬ ಮೆಟ್ಟಿಲುಗಳಿದ್ದವು. ಸ್ಥಿರ ಉದ್ದದ ಲಾಭ ಲೆಕ್ಕದಲ್ಲಿದೆ: ದಾಖಲೆಗೆ 50 ಬೈಟಾದರೆ, ಸೊನ್ನೆಯಿಂದ ಎಣಿಸಿದಾಗ 12ನೆಯದು 600ನೇ ಬೈಟಿನಲ್ಲಿ ಸಿಗುತ್ತದೆ, ಹಿಂದಿನವನ್ನು ಓದಬೇಕಿಲ್ಲ. ಆದರೆ ವಿಂಡೋಸ್‌ನಲ್ಲಿ ಸಾಲಿನ ತುದಿಗೆ ಎರಡು ಬೈಟು, ಲಿನಕ್ಸ್‌ನಲ್ಲಿ ಒಂದೇ. ಒಂದರಲ್ಲಿ ಬರೆದ ಫೈಲನ್ನು ಇನ್ನೊಂದರ ಅಳತೆಯಲ್ಲಿ ಓದಿದರೆ ಈ ಲೆಕ್ಕ ತಪ್ಪುತ್ತದೆ.

ಕನ್ನಡದ ದಾಖಲೆಗಳು

ಸ್ಥಿರ ಅಗಲದ ಪದ್ಧತಿ ಒಂದು ಅಕ್ಷರಕ್ಕೆ ಒಂದು ಬೈಟು ಎಂದು ನಂಬಿತ್ತು. ಭಾರತೀಯ ಲಿಪಿಗಳಿಗಾಗಿ ಬಂದ 1991ರ ಇಸ್ಕಿ ಮಾನಕದಲ್ಲಿ ಕನ್ನಡದ ವ್ಯಂಜನ, ಸ್ವರಚಿಹ್ನೆ, ಅನುಸ್ವಾರಗಳಿಗೂ ಒಂದೊಂದೇ ಬೈಟು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಸ್ಥಾನ ದೊರೆಯಿತು. 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯಲು ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು.

‘ಸಿಂಗಾಪುರ’ ಎಂಬ ಊರ ಹೆಸರು ಕಣ್ಣಿಗೆ ನಾಲ್ಕು ಅಕ್ಷರ. ಒಳಗೆ ಸಕಾರ, ಇಕಾರದ ಗುಡಿಸು, ಸೊನ್ನೆ, ಗಕಾರ, ದೀರ್ಘ, ಪಕಾರ, ಕೊಂಬು, ರಕಾರ ಎಂದು 8 ಸಂಕೇತಗಳಿವೆ. ಇಸ್ಕಿಯಲ್ಲಿ ಅದು 8 ಬೈಟು, ಯುಟಿಎಫ್-8ರಲ್ಲಿ 24. ಊರಿನ ಹೆಸರಿಗೆ 20 ಬೈಟಿನ ಅಂಕಣ ಕೊಟ್ಟರೆ ಆರು ಸಂಕೇತ ಹಿಡಿಸಿ, ಏಳನೆಯದಾದ ಕೊಂಬು ನಡುವೆ ತುಂಡಾಗಿ, ಊರು ‘ಸಿಂಗಾಪ’ ಆಗಿ ಹಿಂದೆ ಕಸ ಉಳಿಯುತ್ತದೆ. ಎಫ್‌ಪ್ರಿಂಟ್‌ಎಫ್ ಅಗಲವನ್ನು ಬೈಟುಗಳಲ್ಲಿ ಎಣಿಸುವುದರಿಂದ ಕಾಲಂಗಳೂ ಓರೆಯಾಗುತ್ತವೆ. ಬೇಲಿ ಚಿಹ್ನೆಯ ಪದ್ಧತಿಗೆ ಈ ತೊಂದರೆಯಿಲ್ಲ: ಯುಟಿಎಫ್-8ರಲ್ಲಿ ಕನ್ನಡದ ಯಾವ ಬೈಟೂ ಅಲ್ಪವಿರಾಮವನ್ನಾಗಲಿ ಲಂಬ ಗೆರೆಯನ್ನಾಗಲಿ ಹೋಲುವುದಿಲ್ಲ. ಅಲ್ಪವಿರಾಮದ ಬೇಲಿಯುಳ್ಳ ಸಿಎಸ್‌ವಿ ರೂಪಕ್ಕೆ 2005ರಲ್ಲಿ ಲಿಖಿತ ವಿವರಣೆ ಬಂತು.

ಈಚಿನ ಸ್ಥಿತಿ

ವಿಟಿಯುವಿನ 2022ರ ಸ್ಕೀಮಿನಲ್ಲೂ ಮೊದಲ ವರ್ಷದ ಸಿ ಪಾಠವಿತ್ತು. ಅದರ ಲ್ಯಾಬಿನಲ್ಲಿ ಹೆಸರು-ಯುಎಸ್‌ಎನ್ ಜೋಡಿಸುವ ಪ್ರೋಗ್ರಾಮಿರಲಿಲ್ಲ; ಒಂದು ಟೆಕ್ಸ್ಟ್ ಫೈಲನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಮಿತ್ತು. ನಕಲು ಮಾಡಲು ಅಂಕಣಗಳ ಅರಿವು ಬೇಕಿಲ್ಲ, ಬೈಟುಗಳನ್ನು ಒಂದೊಂದಾಗಿ ದಾಟಿಸಿದರೆ ಸಾಕು.