ಪಾರ್ಶ್ವವಾಯುವಿನ ನಂತರದ ನಡಿಗೆ: ಮೀನಖಂಡದ ಬಲ ಮತ್ತು ವೇಗದ ಅಳತೆಯ ಮಿತಿ

ಲಕ್ವ ಹೊಡೆದವರು ಎದ್ದು ನಡೆಯತೊಡಗಿದಾಗ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಎಳೆಯುವ ಪಾದ. ಬೆರಳ ತುದಿ ಹೊಸ್ತಿಲಿಗೆ ತಾಗುತ್ತದೆ. ಚಪ್ಪಲಿ ಕಳಚಿ ಹಿಂದೆ ಉಳಿಯುತ್ತದೆ. ಚಿಕಿತ್ಸೆಯ ಗಮನವೂ ಬಹುಕಾಲದಿಂದ ಪಾದವನ್ನು ಮೇಲೆತ್ತುವ ಮುಂಗಾಲಿನ ಸ್ನಾಯುವಿನ ಮೇಲೆಯೇ ಇದೆ. ಹಿಮ್ಮಡಿ ನೆಲ ಬಿಟ್ಟೊಡನೆ ನರಕ್ಕೆ ವಿದ್ಯುತ್ ಹಾಯಿಸಿ ಪಾದ ಎತ್ತಿಸುವ ಸಾಧನವನ್ನು ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲೇ ವಿವರಿಸಿದ್ದರು. ಆದರೆ ದೇಹವನ್ನು ಮುಂದಕ್ಕೆ ನೂಕುವುದು ಕಾಲಿನ ಹಿಂಭಾಗದ ಮೀನಖಂಡ. ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ, ಮತ್ತು ನಾವು ನೆಚ್ಚಿಕೊಂಡಿರುವ ವೇಗದ ಅಳತೆಯೇ ಆ ಕೊರತೆಯನ್ನು ಮರೆಮಾಡುತ್ತದೆ ಎಂಬುದು ಈ ಲೇಖನದ ವಾದ.

ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಮೇಲೇಳುವ ಗಳಿಗೆಯನ್ನು ನೋಡಬೇಕು. ಮೀನಖಂಡದ ಗ್ಯಾಸ್ಟ್ರೊಕ್ನೀಮಿಯಸ್ ಮತ್ತು ಸೋಲಿಯಸ್ ಸ್ನಾಯುಗಳು ಆಗ ನೆಲವನ್ನು ಹಿಂದಕ್ಕೆ ಒತ್ತುತ್ತವೆ. ದೇಹ ಮುಂದೆ ಸಾಗುವುದಕ್ಕೂ ಮಂಡಿ ಮಡಚಿಕೊಂಡು ಕಾಲು ಬೀಸುವುದಕ್ಕೂ ಈ ಒತ್ತು ನೆರವಾಗುತ್ತದೆ. ಒತ್ತು ದುರ್ಬಲವಾದರೆ ಮಂಡಿ ಸಾಕಷ್ಟು ಮಡಚದೆ ಬೆರಳು ನೆಲಕ್ಕೆ ತಾಗಬಹುದು. ಮುಂಗಾಲಿನ ದೋಷವೆಂದು ನಾವು ಓದುವುದರಲ್ಲಿ ಒಂದು ಪಾಲು ಹಿಂಗಾಲಿನದು. ಆಗ ರೋಗಿ ಸೊಂಟ ಎತ್ತಿ, ಕಾಲನ್ನು ಹೊರಗಿನಿಂದ ಸುತ್ತಿ ಇಡುತ್ತಾನೆ. ಪೆಟ್ಟು ಬಿದ್ದದ್ದು ಮಿದುಳಿಗಾದರೂ ಸ್ನಾಯು ಹಾಗೆಯೇ ಉಳಿಯುವುದಿಲ್ಲ: ಅದು ಸೊರಗುತ್ತದೆ, ನಡುವೆ ಕೊಬ್ಬು ಸೇರುತ್ತದೆ, ಉದ್ದ ಕುಗ್ಗಿ ಬಿಗಿಯಾಗುತ್ತದೆ.

ಇನ್ನು ವೇಗದ ಅಳತೆ. ನಡಿಗೆಯ ವೇಗವನ್ನು ಆಧರಿಸಿ ಜಾಕ್ವೆಲಿನ್ ಪೆರಿ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆಯಾದರೆ ಮನೆಯೊಳಗಿನ ನಡಿಗೆ, 0.8 ದಾಟಿದರೆ ಊರಲ್ಲಿ ಓಡಾಡುವಷ್ಟು. ಸ್ಟಾಪ್‌ವಾಚ್ ಮತ್ತು ಹತ್ತು ಮೀಟರ್ ಜಾಗವಿದ್ದರೆ ಸಾಕು. ಈ ಸರಳತೆ ದೊಡ್ಡ ಗುಣ. ಆದರೆ ಒಟ್ಟು ನೂಕುಬಲದಲ್ಲಿ ಬಾಧಿತ ಕಾಲಿನ ಪಾಲೆಷ್ಟೆಂದು ಬೌಡನ್ ಮತ್ತು ಸಂಗಡಿಗರು 2006ರಲ್ಲಿ ಬಲಫಲಕಗಳಿಂದ (ಪಾದ ನೆಲವನ್ನು ಒತ್ತುವ ಬಲ ಅಳೆಯುವ ಫಲಕಗಳು) ಅಳೆದ ಮೇಲೆ ಚಿತ್ರ ಬದಲಾಯಿತು. ಆರೋಗ್ಯವಂತರಲ್ಲಿ ಎರಡೂ ಕಾಲು ಸರಿಸುಮಾರು ಅರ್ಧರ್ಧ ಹೊರುತ್ತವೆ. ಒಂದೇ ವೇಗದ ಇಬ್ಬರು ರೋಗಿಗಳಲ್ಲಿ ಒಬ್ಬನ ಬಾಧಿತ ಕಾಲು ದುಡಿಯುತ್ತಿರಬಹುದು, ಇನ್ನೊಬ್ಬನ ಭಾರವನ್ನೆಲ್ಲ ಒಳ್ಳೆಯ ಕಾಲೇ ಎಳೆಯುತ್ತಿರಬಹುದು.

ಬಲವರ್ಧನೆಯ ವ್ಯಾಯಾಮದಿಂದ ಸೆಡೆತ ಹೆಚ್ಚುತ್ತದೆಂಬ ಭಯ ಬೊಬಾತ್ ಎಂಬ ಫಿಸಿಯೋಥೆರಪಿ ಪಂಥದಿಂದ ಬಂದು ಬಹುಕಾಲ ಉಳಿಯಿತು. ನಂತರದ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ದುಡಿಸಬೇಕಾಗಿದ್ದ ಸ್ನಾಯುವನ್ನು ಸುಮ್ಮನಿರಿಸಿದ್ದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ. ಅಮೆರಿಕದ ಲೀಪ್ಸ್ ಪ್ರಯೋಗದಲ್ಲಿ (2011) 408 ಮಂದಿ ಭಾಗವಹಿಸಿದ್ದರು. ದೇಹಭಾರ ತೂಗಿಹಿಡಿವ ಟ್ರೆಡ್‌ಮಿಲ್ ತರಬೇತಿಗೂ, ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಮಾಡಿಸಿದ ಬಲ ಮತ್ತು ಸಮತೋಲನದ ವ್ಯಾಯಾಮಕ್ಕೂ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಒಟ್ಟು 52% ಮಂದಿಯ ನಡಿಗೆ ಮೇಲಿನ ಹಂತಕ್ಕೇರಿತ್ತು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಡನೆ ನಡೆದ ಅಟೆಂಡ್ ಪ್ರಯೋಗದಲ್ಲಿ (2017) ಮನೆಯವರಿಗೇ ತರಬೇತಿ ಕೊಟ್ಟರೂ ಸಾವು ಮತ್ತು ಪರಾವಲಂಬನೆ ತಗ್ಗಲಿಲ್ಲ. ಮನೆಯ ವ್ಯಾಯಾಮ ವ್ಯರ್ಥವೆಂದು ಇದನ್ನು ಓದಬಾರದು. ಹೊರೆಯನ್ನು ಹಂತಹಂತವಾಗಿ ಏರಿಸಬಲ್ಲ ಕಣ್ಣು ಜೊತೆಗಿರಬೇಕೆಂಬುದು ಎರಡನ್ನೂ ಒಟ್ಟಿಗಿಟ್ಟಾಗ ನನಗೆ ಕಾಣುವ ಅರ್ಥ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪಾದಕ್ಕೆ ಕೊಡುವ ಪ್ಲಾಸ್ಟಿಕ್ ಪಟ್ಟಿ ಸಾಮಾನ್ಯವಾಗಿ ಬೂಟಿನೊಳಗೆ ಕೂರುವಂಥದ್ದು; ಬರಿಗಾಲಲ್ಲಿ ಓಡಾಡುವ ಅಡುಗೆಮನೆ, ದೇವರಮನೆಗಳಲ್ಲಿ ಅದು ಮೂಲೆ ಸೇರುತ್ತದೆ. ಬಿಗಿದ ಮೀನಖಂಡದಿಂದ ಕುಕ್ಕರಗಾಲಲ್ಲಿ ಕೂತಾಗ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಶೌಚಾಲಯವೇ ಕಷ್ಟವಾಗುತ್ತದೆ. ಹಾಗಾಗಿ ಸ್ನಾಯುವಿನ ಬಲದ ಜೊತೆಗೆ ಅದರ ಉದ್ದವನ್ನೂ ಪರೀಕ್ಷಿಸಬೇಕು. ಬಲಫಲಕವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಗೋಡೆ ಹಿಡಿಸಿ ಒಂದೊಂದೇ ಕಾಲಿನ ಹಿಮ್ಮಡಿ ಎತ್ತಿಸಿ ನೋಡಬಹುದು: ಎಷ್ಟು ಸಲ ಎತ್ತಿದರು, ಎಷ್ಟು ಎತ್ತರಕ್ಕೆ, ಮಂಡಿ ಬಗ್ಗಿಸಿ ಅಥವಾ ಕೈಯಿಂದ ಗೋಡೆ ಒತ್ತಿ ಎತ್ತಿದರೇ ಎಂಬುದನ್ನು ನಡಿಗೆಯ ವೇಗದ ಪಕ್ಕದಲ್ಲೇ ಕೇಸ್ ಶೀಟಿನಲ್ಲಿ ಬರೆದಿಡಬೇಕು.